ಪೋಕರ್‌ಗಾಗಿ ಕೆಲಸ ಬಿಡುವುದೋ, ರಜೆ ಹಾಕುವುದೋ, ವಾರಾಂತ್ಯವೇ ಸಾಕೋ: ಕಾಸರಗೋಡಿನವರಿಗೊಂದು ಹೋಲಿಕೆ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯಿಂದ ಮಂಗಳೂರು, ಬೆಂಗಳೂರು, ಕೊಚ್ಚಿಯ ಕಂಪನಿಗಳಿಗೆ ಸೇರಿದ ಹುಡುಗರಲ್ಲಿ ಹಣ ಕಟ್ಟಿ ಆಡುವ ಇಸ್ಪೀಟಿನ ಆಟವಾದ ಪೋಕರನ್ನು ಮೊಬೈಲಿನಲ್ಲೇ ಕಲಿತು ಒಳ್ಳೆಯ ಮಟ್ಟಕ್ಕೆ ಬಂದವರು ಇದ್ದಾರೆ. ಒಂದು ವರ್ಷ ಕೆಲಸ ಬದಿಗಿಟ್ಟು ಇದನ್ನೇ ಮಾಡಿದರೆ ಹೇಗೆ ಎಂಬ ಪ್ರಶ್ನೆ ಅವರಿಗೆ ಬಂದೇ ಬರುತ್ತದೆ. ಅವರ ಮುಂದೆ ಇರುವ ದಾರಿ ಮೂರು: ಕೆಲಸ ಇಟ್ಟುಕೊಂಡು ವಾರಾಂತ್ಯ ಆಡುವುದು, ಸಂಬಳರಹಿತ ರಜೆ ಹಾಕಿ ಆಡುವುದು, ರಾಜೀನಾಮೆ ಕೊಟ್ಟು ಆಡುವುದು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಒಂದು ವರ್ಷದ ವಾರಾಂತ್ಯಗಳನ್ನು ದಾಟದೆ ರಜೆ ಬೇಡ. ಆರು ತಿಂಗಳ ರಜೆ ದಾಟದೆ ರಾಜೀನಾಮೆ ಬೇಡ. ಕಾರಣ ನಿಮ್ಮ ಆಟದ ಗುಣಮಟ್ಟಕ್ಕಿಂತ ಹೆಚ್ಚಾಗಿ ಕಾನೂನು ಮತ್ತು ತೆರಿಗೆಯಲ್ಲಿದೆ. ಹಾಗಾಗಿ ಹೋಲಿಕೆ ಅಲ್ಲಿಂದಲೇ ಶುರುವಾಗಬೇಕು.

ಆಡುವುದು ಎಲ್ಲಿ?

ಆನ್‌ಲೈನ್ ದಾರಿ ಮುಚ್ಚಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. ಅದೇ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಕೌಶಲದ್ದೋ ಅದೃಷ್ಟದ್ದೋ ಎಂದು ಈ ಕಾಯ್ದೆ ನೋಡುವುದೇ ಇಲ್ಲ, ಎರಡೂ ನಿಷಿದ್ಧ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷ. ಆಡುವವನಿಗೆ ಶಿಕ್ಷೆ ಇಲ್ಲ. ಆದರೆ ಬ್ಯಾಂಕುಗಳು ಅಂಥ ಹಣ ಸಾಗಿಸುವಂತಿಲ್ಲ. ದೇಶದ ದೊಡ್ಡ ಪೋಕರ್ ತಾಣಗಳು ಅದೇ ವಾರ ಹಣದ ಆಟ ನಿಲ್ಲಿಸಿದವು.

ವಿಪಿಎನ್ (ಇರುವ ಜಾಗ ಮರೆಮಾಡುವ ತಂತ್ರಾಂಶ) ಹಾಕಿ ವಿದೇಶಿ ತಾಣದಲ್ಲಿ ಆಡಬಹುದಲ್ಲ ಎನ್ನುವವರು ಹಣ ಹೊರಗೆ ಬರುವ ದಾರಿಯನ್ನು ಒಮ್ಮೆ ನೋಡಬೇಕು. ಮಧ್ಯವರ್ತಿಯೊಬ್ಬ ಯಾರದ್ದೋ ಖಾತೆಯಿಂದ ನಿಮಗೆ ಯುಪಿಐ ಮಾಡುತ್ತಾನೆ. ಆ ಹಣ ಎಲ್ಲಿಯೋ ನಡೆದ ಸೈಬರ್ ವಂಚನೆಯ ಸರಪಳಿಯಲ್ಲಿದ್ದರೆ, ಬೇರೆ ರಾಜ್ಯದ ಪೊಲೀಸರ ಸೂಚನೆ ಬಂದು ನಿಮ್ಮ ಖಾತೆಯೇ ಸ್ತಂಭನವಾಗುತ್ತದೆ. ಸಂಬಳ ಬರುವ ಖಾತೆಯೂ ಅದೇ ಆಗಿದ್ದರೆ ಮನೆಯ ಸಾಲದ ಕಂತು ಕೂಡ ನಿಂತಿತು. ಇದನ್ನು ದಾರಿ ಎಂದು ನಾವು ಎಣಿಸುವುದಿಲ್ಲ.

ಊರಿನಲ್ಲಿ ಗೆಳೆಯರ ಮನೆಯ ಆಟ ಕಲಿಯುವುದಕ್ಕೆ ಸಾಕು, ಜೀವನಕ್ಕೆ ಸಾಲದು. ಮನೆಯ ಯಜಮಾನ ಪ್ರತಿ ಪಾಟಿನಿಂದ (ಮೇಜಿನ ನಡುವೆ ಕೂಡಿದ ಪಣದ ಹಣ) ಪಾಲು ತೆಗೆಯತೊಡಗಿದರೆ, ಕೇರಳದ 1960ರ ಗೇಮಿಂಗ್ ಕಾಯ್ದೆಯ ಕಣ್ಣಿಗೆ ಅದು ಜುಗಾರಿ ಅಡ್ಡೆಯೇ. ಪೋಕರ್ ಕೌಶಲದ ಆಟವೇ ಎಂಬ ಬಗ್ಗೆ ನ್ಯಾಯಾಲಯಗಳಲ್ಲೂ ಒಮ್ಮತವಿಲ್ಲ: ಕರ್ನಾಟಕ ಹೈಕೋರ್ಟು 2013ರಲ್ಲಿ ಪೋಕರಿನ ಪರವಾಗಿ ನಿಂತಿತು, ಗುಜರಾತ್ ಹೈಕೋರ್ಟು 2017ರಲ್ಲಿ ಅದನ್ನು ಜೂಜು ಎಂದಿತು.

ಉಳಿದದ್ದು ಗೋವಾ. ಅಲ್ಲಿಯ 1976ರ ಜೂಜು ಕಾಯ್ದೆಗೆ ಆಮೇಲೆ ಬಂದ ತಿದ್ದುಪಡಿಗಳಿಂದಾಗಿ ಪಣಜಿಯಲ್ಲಿ ಮಾಂಡೋವಿ ನದಿಯ ಹಡಗುಗಳ ಮೇಲಿನ ಕ್ಯಾಸಿನೋಗಳಲ್ಲಿ ಮೇಜಿನ ಆಟಕ್ಕೆ ಪರವಾನಗಿ ಇದೆ. 21 ವರ್ಷ ತುಂಬಿರಬೇಕು. 2020ರ ಫೆಬ್ರವರಿಯಿಂದ ಗೋವಾದವರಿಗೇ ಒಳಗೆ ಪ್ರವೇಶವಿಲ್ಲ, ಹೊರಗಿನವರಾದ ನಮಗೆ ಆ ತಡೆ ಇಲ್ಲ. ಕಾಸರಗೋಡಿನಿಂದ ಮಡಗಾಂವಿಗೆ ನೇರ ರೈಲುಗಳಿವೆ. ಮಂಗಳೂರು ಸೆಂಟ್ರಲ್‌ನಿಂದ 2023ರ ಡಿಸೆಂಬರ್ 30ರಿಂದ ವಂದೇ ಭಾರತ್ ಕೂಡ ಓಡುತ್ತಿದೆ. ಮಳೆಗಾಲದಲ್ಲಿ ಕೊಂಕಣ ರೈಲಿನ ವೇಳಾಪಟ್ಟಿಯೇ ಬೇರೆ, ವೇಗವೂ ಕಡಿಮೆ. ಭಾನುವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುವ ಲೆಕ್ಕ ಜೂನ್‌ನಿಂದ ಅಕ್ಟೋಬರ್‌ವರೆಗೆ ಆಗಾಗ ತಪ್ಪುತ್ತದೆ.

ವಿದೇಶದ ಬಗ್ಗೆ ಎರಡೇ ಮಾತು. ಅಮೆರಿಕದಲ್ಲಿ ಗೆದ್ದರೆ ಅನಿವಾಸಿಯ ಗೆಲುವಿನಿಂದ ಶೇ. 30 ಅಲ್ಲೇ ಕಡಿತ. ಭಾರತದ ನಿವಾಸಿಯಾಗಿದ್ದರೆ ಆ ಗೆಲುವನ್ನು ಇಲ್ಲಿಯೂ ತೋರಿಸಬೇಕು. ಗಲ್ಫಿನಲ್ಲಿರುವ ನಮ್ಮವರಿಗೆ ಇನ್ನೊಂದು ತೊಡಕು: ಪರವಾನಗಿಯಿಲ್ಲದ ಜೂಜು ಯುಎಇಯಲ್ಲಿ ಅಪರಾಧ, ಮೇಲಾಗಿ ವೀಸಾ ನಿಂತಿರುವುದೇ ಕೆಲಸದ ಮೇಲೆ.

ತೆರಿಗೆ: ಹೆಚ್ಚಿನವರು ಎಡವುವ ಜಾಗ

ಇಲ್ಲಿ ಸ್ವಲ್ಪ ಹೊತ್ತು ನಿಂತು ಲೆಕ್ಕ ಮಾಡೋಣ. ಇಸ್ಪೀಟಿನ ಗೆಲುವಿಗೆ ಶೇ. 30ರ ಒಂದೇ ದರದ ತೆರಿಗೆ, ಶೇ. 4ರ ಸೆಸ್ ಸೇರಿದರೆ ಶೇ. 31.2. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದಕ್ಕೆ 115ಬಿಬಿ ಎಂದು ಹೆಸರು. ಸಂಬಳದ ಆದಾಯಕ್ಕೆ ಸಿಗುವ ಮೂಲ ವಿನಾಯಿತಿ ಇದಕ್ಕಿಲ್ಲ. ರೈಲು, ರೂಮು, ಊಟದ ಖರ್ಚು ಕಳೆಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸೋತದ್ದನ್ನು ಗೆದ್ದದ್ದರಿಂದ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ.

ಬ್ಲೈಂಡ್ 100-200ರ ಮೇಜನ್ನು ತೆಗೆದುಕೊಳ್ಳಿ. ಬ್ಲೈಂಡ್ ಅಂದರೆ ಎಲೆ ಹಂಚುವ ಮೊದಲು ಇಬ್ಬರು ಕಡ್ಡಾಯವಾಗಿ ಇಡುವ ಪಣ, ಅದರಲ್ಲಿ ದೊಡ್ಡದು ಬಿಗ್ ಬ್ಲೈಂಡ್. ಒಂದು ಬಿಗ್ ಬ್ಲೈಂಡ್ 200 ರೂಪಾಯಿ, ನೂರು ಬಿಗ್ ಬ್ಲೈಂಡಿನ ಬೈ-ಇನ್, ಅಂದರೆ ಮೇಜಿಗೆ ಕೂರಲು ಒಯ್ಯುವ ಹಣ, 20,000 ರೂಪಾಯಿ. ಎದುರು ಕೂತು ಆಡುವ ಮೇಜಿನಲ್ಲಿ ಗಂಟೆಗೆ ಸುಮಾರು 30 ಹ್ಯಾಂಡು (ಎಲೆ ಹಂಚಿ ಆಡಿ ಮುಗಿಸುವ ಒಂದು ಸುತ್ತು). ವರ್ಷಕ್ಕೆ 250 ದಿನ, ದಿನಕ್ಕೆ 6 ಗಂಟೆ ಆಡಿದರೆ 45,000 ಹ್ಯಾಂಡು. ರೇಕ್ (ಕ್ಯಾಸಿನೋ ಪಾಟಿನಿಂದ ತೆಗೆಯುವ ಪಾಲು) ಕಳೆದು ನೂರು ಹ್ಯಾಂಡಿಗೆ 5 ಬಿಗ್ ಬ್ಲೈಂಡ್ ಗೆಲ್ಲುವ ಆಟಗಾರ ನೀವೆಂದು ಇಟ್ಟುಕೊಳ್ಳೋಣ. ಇದು ಒಳ್ಳೆಯ ದರ. ವರ್ಷದ ನಿವ್ವಳ ಗೆಲುವು 2,250 ಬಿಗ್ ಬ್ಲೈಂಡ್, ಅಂದರೆ 4.5 ಲಕ್ಷ.

ಆದರೆ ಆ 4.5 ಲಕ್ಷ ದಿನಕ್ಕೆ 1,800ರಂತೆ ಸಾಲಾಗಿ ಬರುವುದಿಲ್ಲ. ನೂರು ಹ್ಯಾಂಡಿಗೆ 80 ಬಿಗ್ ಬ್ಲೈಂಡಿನ ಏರಿಳಿತ ಈ ಆಟದಲ್ಲಿ ಸಾಮಾನ್ಯ. ಆ ಲೆಕ್ಕದಲ್ಲಿ 6 ಗಂಟೆಯ ಒಂದು ಸೆಷನ್ 21,000 ರೂಪಾಯಿಯಷ್ಟು ಆಚೀಚೆ ತೂಗುತ್ತದೆ. ವರ್ಷದ ಗೆದ್ದ ದಿನಗಳನ್ನೆಲ್ಲ ಕೂಡಿದರೆ ಸುಮಾರು 23.7 ಲಕ್ಷ, ಸೋತ ದಿನಗಳನ್ನೆಲ್ಲ ಕೂಡಿದರೆ ಸುಮಾರು 19.2 ಲಕ್ಷ. ತೆರಿಗೆಯನ್ನು ಗೆದ್ದ ದಿನಗಳ ಮೊತ್ತದ ಮೇಲೆ ಹಾಕಿದರೆ 23.7 ಲಕ್ಷದ ಶೇ. 31.2, ಅಂದರೆ 7.39 ಲಕ್ಷ. ಕೈಯಲ್ಲಿರುವುದು 4.5 ಲಕ್ಷ. ವರ್ಷವಿಡೀ ಗೆದ್ದ ಆಟಗಾರ 2.89 ಲಕ್ಷ ಕೈಯಿಂದ ಹಾಕಿ ತೆರಿಗೆ ತೀರಿಸಬೇಕಾಗುತ್ತದೆ. ಇದೇ ಲೆಕ್ಕದಲ್ಲಿ ತೆರಿಗೆ ಒಂದನ್ನು ತೀರಿಸುವುದಕ್ಕೇ ನೂರು ಹ್ಯಾಂಡಿಗೆ 9 ಬಿಗ್ ಬ್ಲೈಂಡ್ ಗೆಲ್ಲಬೇಕು. ಮನೆ ಖರ್ಚು ಅದರ ಮೇಲೆ.

ಪೋಕರನ್ನೇ ವೃತ್ತಿಯಾಗಿ ತೋರಿಸಿ, ವ್ಯಾಪಾರದ ಆದಾಯದಂತೆ ನಿವ್ವಳ ಲಾಭಕ್ಕೆ ಮಾತ್ರ ತೆರಿಗೆ ಕಟ್ಟಬಹುದೆಂದು ವಾದಿಸುವ ಲೆಕ್ಕಪರಿಶೋಧಕರಿದ್ದಾರೆ. ಆ ವಾದದ ಮೇಲೆ ನಿಲ್ಲುವುದಾದರೆ ಕೆಲಸ ಬಿಡುವ ಮೊದಲೇ, ಲಿಖಿತವಾಗಿ, ಸಹಿ ಹಾಕಿದ ಅಭಿಪ್ರಾಯ ಪಡೆಯಿರಿ. ನೋಟಿಸ್ ಬಂದ ಮೇಲೆ ಹುಡುಕುವುದು ತಡ. ಇನ್ನೊಂದು ಸಣ್ಣ ಸಂಗತಿ: ಇಂಥ ಗೆಲುವು ಇದ್ದವರು ಸಂಬಳದಾರರ ಐಟಿಆರ್-1 ಹಾಕುವಂತಿಲ್ಲ, ಐಟಿಆರ್-2 ಬೇಕು. ಟಿಡಿಎಸ್ (ಹಣ ಕೊಡುವವರೇ ಮೊದಲೇ ಹಿಡಿಯುವ ತೆರಿಗೆ) ಕಡಿತವಾಗದ ಗೆಲುವಿಗೆ ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15ರ ಮುಂಗಡ ತೆರಿಗೆಯ ಗಡುವುಗಳಿವೆ.

ಇದರ ಜೊತೆಗೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೋಗೆ ಶೇ. 40, ಅದೂ ಚಿಪ್ (ಹಣದ ಬದಲಿಗೆ ಆಡುವ ಬಿಲ್ಲೆ) ಕೊಳ್ಳಲು ಕೊಟ್ಟ ಹಣದ ಮೇಲೆ. ಗೆದ್ದ ಚಿಪ್ಪನ್ನೇ ಮತ್ತೆ ಆಡಿದರೆ ಮತ್ತೊಮ್ಮೆ ಬೀಳುವುದಿಲ್ಲ. ಈ ಭಾರ ಯಾರ ಮೇಲೆ ಎಷ್ಟು ಎಂಬ ಏರ್ಪಾಡು ಒಂದೊಂದು ಕ್ಯಾಸಿನೋದಲ್ಲಿ ಒಂದೊಂದು ಬಗೆ ಇರಬಹುದು. ಕೌಂಟರಿನಲ್ಲಿ ಕೂರುವ ಮೊದಲು ಎರಡು ಪ್ರಶ್ನೆ ಕೇಳಿ: ‘20,000 ಕೊಟ್ಟರೆ ಎಷ್ಟು ರೂಪಾಯಿಯ ಚಿಪ್ ಕೊಡುತ್ತೀರಿ? ಒಂದು ಹ್ಯಾಂಡೂ ಆಡದೆ ಅದನ್ನೇ ವಾಪಸು ಕೊಟ್ಟರೆ ಎಷ್ಟು ಸಿಗುತ್ತದೆ?’ ಕೊಟ್ಟ 20,000ಕ್ಕೂ ಎರಡನೆಯ ಉತ್ತರಕ್ಕೂ ನಡುವಿನ ಅಂತರವನ್ನು ಬಿಗ್ ಬ್ಲೈಂಡಿನಲ್ಲಿ ಬರೆದುಕೊಳ್ಳಿ. ಪೂರ್ತಿ ನಿಮ್ಮ ಮೇಲೆಯೇ ಹಾಕಿದರೆ 20,000ದ ಚಿಪ್ಪಿಗೆ 28,000 ಬೇಕು. 8,000 ಅಂದರೆ 40 ಬಿಗ್ ಬ್ಲೈಂಡ್; ಒಂದು ದಿನದ ಸರಾಸರಿ ಗೆಲುವು 9.

ಎಷ್ಟು ಆಡಿದರೆ ಗೊತ್ತಾಗುತ್ತದೆ?

ರಜೆಯ ಅವಧಿ ಆರಿಸುವಾಗ ಮುಖ್ಯವಾಗುವುದು ಇದೇ. ಮೇಲಿನ ಆಟಗಾರ, ಅಂದರೆ ನಿಜವಾಗಿಯೂ 5 ಬಿಗ್ ಬ್ಲೈಂಡ್ ಗೆಲ್ಲುವವ, ತೆರಿಗೆ ಬಿಟ್ಟು ನೋಡಿದರೂ 3 ತಿಂಗಳ ಕೊನೆಗೆ ನಷ್ಟದಲ್ಲಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. 6 ತಿಂಗಳಿಗೆ ಆರರಲ್ಲಿ ಒಂದು. ಒಂದು ವರ್ಷಕ್ಕೆ ಹನ್ನೊಂದರಲ್ಲಿ ಒಂದು. ಇನ್ನು ತಿರುಗಿಸಿ ನೋಡಿ: ನೂರು ಹ್ಯಾಂಡಿಗೆ 3 ಬಿಗ್ ಬ್ಲೈಂಡ್ ಸೋಲುವವ ಕೂಡ 3 ತಿಂಗಳ ಕೊನೆಗೆ ಲಾಭದಲ್ಲಿರುವ ಸಾಧ್ಯತೆ ಮೂರರಲ್ಲಿ ಒಂದು. ಅವನು ಆ ಲಾಭ ನೋಡಿ ರಾಜೀನಾಮೆ ಬರೆಯುತ್ತಾನೆ. ಮೂರು ತಿಂಗಳ ರಜೆಯನ್ನು ನಾವು ಯಾರಿಗೂ ಹೇಳದಿರುವುದು ಇದಕ್ಕೇ: ಒಳ್ಳೆಯ ಆಟಗಾರನನ್ನು ಹೆದರಿಸಿ ಓಡಿಸುವುದಕ್ಕೂ, ಸೋಲುವವನನ್ನು ನಂಬಿಸುವುದಕ್ಕೂ ಅಷ್ಟು ಸಾಕು. ಅಡಿಕೆ ತೋಟ ಇರುವ ಮನೆಯವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ಕೊಳೆರೋಗ ಬಾರದ ಒಂದು ಮಳೆಗಾಲ ನೋಡಿ ಯಾರೂ ಬೋರ್ಡೋ ದ್ರಾವಣ ಹೊಡೆಯುವುದನ್ನು ಬಿಡುವುದಿಲ್ಲ.

ನಿಷೇಧಕ್ಕೆ ಮೊದಲಿನ ಆನ್‌ಲೈನ್ ದಾಖಲೆ ನಿಮ್ಮ ಬಳಿ ಇದ್ದರೆ ಅದಕ್ಕೆ ಬೆಲೆ ಇದೆ. ಒಂದು ಲಕ್ಷ ಹ್ಯಾಂಡಿನ ದಾಖಲೆ ನೂರು ಹ್ಯಾಂಡಿಗೆ 5 ಬಿಗ್ ಬ್ಲೈಂಡ್ ಎಂದು ತೋರಿಸಿದರೆ ನಿಜವಾದ ದರ 0ಯಿಂದ 10ರ ಒಳಗೆ ಎಲ್ಲೋ ಇದೆ ಎಂದಷ್ಟೇ ಓದಿ. ಹತ್ತು ಸಾವಿರ ಹ್ಯಾಂಡಿನ ದಾಖಲೆಯಿಂದ ಏನೂ ತಿಳಿಯದು.

ಒಂದನೇ ದಾರಿ: ವಾರಾಂತ್ಯ

ತಿಂಗಳಿಗೆ ಎರಡು ಸಲ ಗೋವಾ, ಒಂದೊಂದು ಸಲಕ್ಕೆ 12 ಗಂಟೆ ಆಟ. ವರ್ಷಕ್ಕೆ 288 ಗಂಟೆ, ಸುಮಾರು 8,600 ಹ್ಯಾಂಡು. ಗೆಲುವಿನ ದರ ತಿಳಿಯಲು ಇದು ಸಾಲದೆಂದು ಮೇಲಿನ ಲೆಕ್ಕವೇ ಹೇಳುತ್ತದೆ. ಆದರೂ ಇದನ್ನೇ ಮೊದಲು ಮಾಡಿ ಎನ್ನುವುದು ಬೇರೆ ಕಾರಣಗಳಿಗೆ. ಸೋತ ಬೈ-ಇನ್ ಸಂಬಳದಿಂದ ತುಂಬುತ್ತದೆ. ಎದುರಾಳಿಗಳ ಮಟ್ಟ, ರೇಕ್, ಕೌಂಟರಿನ ಕಡಿತ ಎಲ್ಲವೂ ಸ್ವಂತ ಅಂಕಿಗಳಾಗಿ ಕೈಗೆ ಬರುತ್ತವೆ. ಸೋತ ರಾತ್ರಿ ನೀವು ಹೇಗಿರುತ್ತೀರಿ ಎಂಬುದೂ ತಿಳಿಯುತ್ತದೆ.

ಪ್ರತಿ ಆಟದ ಲೆಕ್ಕ ಬರೆದಿಡುವ ಪುಸ್ತಕದಲ್ಲಿ ಒಂದು ಸಾಲು ಹೀಗಿರಲಿ: ‘ಶನಿವಾರ, 100-200. ಒಳಗೆ 20,000, ಮತ್ತೆ 20,000. ಹೊರಗೆ 27,500. ಸೋಲು 12,500. ಆಟ 6 ಗಂಟೆ. ಹಿಂದಿನ ರಾತ್ರಿ ನಿದ್ದೆ 5 ಗಂಟೆ. ಎರಡನೇ ಬೈ-ಇನ್ ಹಾಕುವಾಗ ಮೇಜಿನಲ್ಲಿ ನನಗಿಂತ ಹಗುರ ಆಟಗಾರರು: 2.’ ಕೊನೆಯ ಎರಡು ಅಂಕಣಗಳನ್ನು ಬಿಡಬೇಡಿ. ಐವತ್ತು ಸೆಷನ್ ಆದ ಮೇಲೆ 6 ಗಂಟೆಗಿಂತ ಕಡಿಮೆ ಮಲಗಿದ ದಿನಗಳನ್ನು ಬೇರೆ ಕೂಡಿ ನೋಡಿ. ಹಣದ ಅಂಕಣಕ್ಕಿಂತ ಮೊದಲೇ ಆ ಅಂಕಣ ಮಾತಾಡತೊಡಗುತ್ತದೆ.

ಎರಡನೇ ದಾರಿ: ರಜೆ

ಖಾಸಗಿ ಕಂಪನಿಯಲ್ಲಿ ದೀರ್ಘ ರಜೆ ಕಾನೂನಿನ ಹಕ್ಕಲ್ಲ, ಕಂಪನಿಯ ನಿಯಮ. ಮೇಲಧಿಕಾರಿಯ ಬಾಯಿಮಾತು ಸಾಲದು. ರಜೆಯ ಪತ್ರದಲ್ಲಿ ನಾಲ್ಕು ಸಂಗತಿ ಇರಬೇಕು: ಮರಳಿ ಸೇರುವ ತಾರೀಕು, ಅದೇ ಶ್ರೇಣಿ ಮತ್ತು ಸಂಬಳ, ಸೇವೆಯ ನಿರಂತರತೆ, ಗುಂಪು ಆರೋಗ್ಯ ವಿಮೆ ಮುಂದುವರಿಯುತ್ತದೆಯೇ ಎಂಬುದು. ವಿಮೆಯ ಕಂತು ಸಂಬಳದಿಂದ ಕಡಿತವಾಗುತ್ತಿದ್ದರೆ ರಜೆಯಲ್ಲಿ ಯಾರು ಕಟ್ಟುತ್ತಾರೆಂದು ಕೇಳಿ. ಅಪ್ಪ ಅಮ್ಮ ಆ ಪಾಲಿಸಿಯಲ್ಲಿದ್ದರೆ ಇದೊಂದೇ ಸಾಲು ಉಳಿದ ಎಲ್ಲಕ್ಕಿಂತ ದೊಡ್ಡದಾಗಬಹುದು. ಪಿಎಫ್‌ಗೆ ರಜೆಯಲ್ಲಿ ಏನೂ ಸೇರುವುದಿಲ್ಲ. ರಜೆಯಲ್ಲಿ ಬೇರೆ ಆದಾಯ ಗಳಿಸುವಂತಿಲ್ಲ ಎಂಬ ಕರಾರು ನೇಮಕಾತಿ ಪತ್ರದಲ್ಲಿ ಇದೆಯೇ ನೋಡಿ. ಕಾರಣ ಕೇಳಿದರೆ ಸುಳ್ಳು ಹೇಳಬೇಡಿ. ಗೆಲುವಿನಿಂದ ಕಡಿದ ಟಿಡಿಎಸ್ ನಿಮ್ಮ ಪ್ಯಾನ್ ಮೇಲೆ ದಾಖಲಾಗುತ್ತದೆ.

ಸರಕಾರಿ ಕೆಲಸದವರಿಗೆ, ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರಿಗೆ ಈ ದಾರಿ ಇಲ್ಲವೆಂದೇ ತಿಳಿಯಿರಿ. ಕೇರಳ ಸೇವಾ ನಿಯಮಗಳಲ್ಲಿ ಬೇರೆ ಉದ್ಯೋಗಕ್ಕೆಂದು ಸಿಗುವ ವೇತನರಹಿತ ರಜೆ ಹಿಂದೆ 20 ವರ್ಷದವರೆಗೂ ಇತ್ತು, 2020ರಲ್ಲಿ 5 ವರ್ಷಕ್ಕೆ ಇಳಿಯಿತು. ಪೋಕರ್ ಆ ಅರ್ಥದ ಉದ್ಯೋಗವಲ್ಲ, ನಡತೆಯ ನಿಯಮಗಳೂ ಅಡ್ಡ ಬರುತ್ತವೆ. ಬ್ಯಾಂಕಿನವರಿಗೂ ಹೆಚ್ಚುಕಡಿಮೆ ಇದೇ ಮಾತು.

ಆರು ತಿಂಗಳ ರಜೆಗೆ ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗಿನ ಅವಧಿ ಒಳ್ಳೆಯದು. ಗೋವಾಕ್ಕೆ ಪ್ರವಾಸಿಗರು ಬರುವ ಕಾಲ ಅದು, ಮೇಜಿನಲ್ಲಿ ಹಗುರ ಆಟಗಾರರು ಸಿಗುತ್ತಾರೆ. ರೈಲೂ ಸಮಯಕ್ಕೆ ಬರುತ್ತದೆ. ಬಾಡಿಗೆ ಮಾತ್ರ ಆಗಲೇ ಏರುತ್ತದೆ.

ಮೂರನೇ ದಾರಿ: ರಾಜೀನಾಮೆ

ಮೊದಲ ಎರಡು ದಾರಿಯ ಪುಸ್ತಕ ಕೈಯಲ್ಲಿದ್ದು, ತೆರಿಗೆಯ ಲಿಖಿತ ಅಭಿಪ್ರಾಯ ಇದ್ದು, ಆಮೇಲೂ ಅಂಕಿಗಳು ನಿಲ್ಲುತ್ತವೆಂದಾದರೆ ಮಾತ್ರ ಇದು. ಆಗಲೂ ತಾರೀಕು ನೋಡಿ ಬಿಡಿ. ಗ್ರಾಚ್ಯುಟಿಗೆ ಸಾಮಾನ್ಯವಾಗಿ 5 ವರ್ಷದ ನಿರಂತರ ಸೇವೆ ಬೇಕು. ಮೂಲ ವೇತನ 40,000 ಇದ್ದರೆ ಐದು ವರ್ಷಕ್ಕೆ ಸುಮಾರು 1.15 ಲಕ್ಷ. ನಾಲ್ಕೂವರೆ ವರ್ಷಕ್ಕೆ ಬಿಟ್ಟವನು ಸುಮಾರು ಆರು ಬೈ-ಇನ್‌ನಷ್ಟು ಹಣವನ್ನು ಅಲ್ಲೇ ಬಿಟ್ಟು ಬಂದಂತೆ. ಪಿಎಫ್ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಅದಕ್ಕೆ ಮೊದಲು ಬಿಟ್ಟರೆ ಪಿಂಚಣಿಯ ಹಣ ಹಿಂಪಡೆಯದೆ ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಳ್ಳಿ, ಮರಳಿ ಕೆಲಸಕ್ಕೆ ಸೇರಿದಾಗ ಹಳೆಯ ವರ್ಷಗಳು ಕೂಡಿಕೊಳ್ಳುತ್ತವೆ. ಐದು ವರ್ಷಕ್ಕೆ ಮೊದಲು ಹಿಂಪಡೆದ ಪಿಎಫ್‌ಗೆ ತೆರಿಗೆಯೂ ಇದೆ. ಗುಂಪು ವಿಮೆಯನ್ನು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಿಸಿಕೊಡಲು ಕೊನೆಯ ದಿನಕ್ಕೆ ಒಂದು ತಿಂಗಳು ಮೊದಲೇ ಕೇಳಿ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು.

ಹಣ ಎರಡು ಖಾತೆಯಲ್ಲಿ

ರಜೆ ಇರಲಿ, ರಾಜೀನಾಮೆ ಇರಲಿ, ಮನೆಯ ಹಣ ಮತ್ತು ಆಟದ ಹಣ ಒಂದೇ ಖಾತೆಯಲ್ಲಿ ಇರಕೂಡದು. ಮನೆ ಖರ್ಚು ತಿಂಗಳಿಗೆ 40,000 ಆದರೆ ಆರು ತಿಂಗಳ ರಜೆಗೆ 2.4 ಲಕ್ಷ, ಮರಳಿದ ಮೇಲೆ ಮೊದಲ ಸಂಬಳ ಕೈಗೆ ಬರುವವರೆಗಿನ ಎರಡು ತಿಂಗಳಿಗೆ ಇನ್ನೂ 80,000. ಆಟಕ್ಕೆ 40 ಬೈ-ಇನ್, ಅಂದರೆ 8 ಲಕ್ಷ. ಟೂರ್ನಮೆಂಟ್ ಆಡುವುದಾದರೆ 40 ಸಾಲದು, 150ರಿಂದ 200 ಪ್ರವೇಶ ಶುಲ್ಕದಷ್ಟು ಬೇಕು. ಅಲ್ಲಿ ನೂರರಲ್ಲಿ ಹತ್ತು ಹದಿನೈದು ಮಂದಿಗಷ್ಟೇ ಹಣ, ಅದರಲ್ಲೂ ದೊಡ್ಡ ಪಾಲು ಮೊದಲ ಮೂವರಿಗೆ. ತೆರಿಗೆಗೆ ಮೂರನೆಯ ಖಾತೆ ಮಾಡುವುದು ಇನ್ನೂ ಒಳ್ಳೆಯದು: ಗೆದ್ದ ದಿನವೇ ಮೂರರಲ್ಲಿ ಒಂದಂಶ ಅಲ್ಲಿಗೆ.

ಮನೆಯ ಬಂಗಾರ ಅಡವಿಡುವುದು, ಸೇವಾ ಸಹಕಾರಿ ಬ್ಯಾಂಕಿನ ಸಾಲ, ಇವೆರಡೂ ಬೇಡ. ಕೇರಳ ಸರಕಾರದ ಕೆಎಸ್‌ಎಫ್‌ಇ ಚಿಟ್ಟಿ (ಚೀಟಿ ನಿಧಿ) ಎತ್ತಿದ್ದು, ಸಹೋದ್ಯೋಗಿಯ ಸಂಬಳ ಸರ್ಟಿಫಿಕೇಟನ್ನು ಜಾಮೀನು ಕೊಟ್ಟಿದ್ದರೆ ಮೊದಲು ಅದನ್ನು ತೀರಿಸಿ. ನಿಮ್ಮ ಕಂತು ತಪ್ಪಿದರೆ ವಸೂಲಿ ಬರುವುದು ಅವರ ಸಂಬಳಕ್ಕೆ.

ಕೆಡುವುದು ಹೇಗೆ

ಆಟ ಗೊತ್ತಿಲ್ಲದೆ ಕೆಟ್ಟವರಿಗಿಂತ ಆಟ ಮುಗಿದ ಮೇಲಿನ ಅರ್ಧ ಗಂಟೆಯಲ್ಲಿ ಕೆಟ್ಟವರು ಹೆಚ್ಚು. ಪೋಕರ್ ಮೇಜಿನಿಂದ ಎದ್ದು ಹೊರಗೆ ಹೋಗುವ ದಾರಿಯಲ್ಲೇ ಅಂದರ್ ಬಾಹರ್, ರೂಲೆಟ್‌ನಂಥ ಅದೃಷ್ಟದ ಆಟಗಳು ಇರುತ್ತವೆ. ಅಲ್ಲಿ ಗಣಿತ ಸದಾ ಕ್ಯಾಸಿನೋದವರ ಕಡೆ. ಆರು ಗಂಟೆ ಕೂತು ಗೆದ್ದ 9,000 ಹತ್ತು ನಿಮಿಷದಲ್ಲಿ ಹೋಗುತ್ತದೆ, ಪುಸ್ತಕದಲ್ಲಿ ಅದು ಪೋಕರಿನ ಗೆಲುವೆಂದೇ ಉಳಿದು ಲೆಕ್ಕವನ್ನೂ ಕೆಡಿಸುತ್ತದೆ. ಚಿಪ್ ಕೊಟ್ಟು ಹಣ ಪಡೆದವರು ನೇರ ದೋಣಿಗೆ ನಡೆಯಬೇಕು.

ಎರಡನೆಯದು, ಒಂದು ವಾರ ಚೆನ್ನಾಗಿ ಹೋಯಿತೆಂದು 200-400ರ ಮೇಜಿಗೆ ಏರುವುದು. ಅಲ್ಲಿ 40 ಬೈ-ಇನ್ ಇದ್ದ ಹಣ 20 ಆಗುತ್ತದೆ. ಮೂರನೆಯದು, ಮೇಜಿನ ಗೆಳೆಯನಿಗೆ ಸಾಲ. ನಾಲ್ಕನೆಯದು, ಬೇರೆಯವರ ಹಣದಲ್ಲಿ ಪಾಲಿಗೆ ಆಡುವುದು: ಗೆಲುವಿನ ಅರ್ಧ ಅವರಿಗೆ ಹೋದರೂ ಟಿಡಿಎಸ್ ಪೂರ್ತಿ ನಿಮ್ಮ ಪ್ಯಾನ್ ಮೇಲೆ. ಲಿಖಿತ ಕರಾರಿಲ್ಲದೆ ಇದಕ್ಕೆ ಇಳಿಯಬೇಡಿ.

ಸೋತದ್ದನ್ನು ಮನೆಯಲ್ಲಿ ಮುಚ್ಚಿಡತೊಡಗಿದಿರಿ, ಸೋಲು ತುಂಬುವುದಕ್ಕೆಂದೇ ಮರುದಿನ ಕೂರುತ್ತಿದ್ದೀರಿ ಎಂದಾದರೆ ಅಂಕಿಗಳನ್ನು ನೋಡುವ ಹಂತ ದಾಟಿತು. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಖರ್ಚಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡುತ್ತಾರೆ.

ನಿಲ್ಲುವ ಗೆರೆಯನ್ನು ಹೊರಡುವ ಮೊದಲೇ ಬರೆದು, ಮನೆಯಲ್ಲಿ ನಿಮ್ಮ ಮಾತಿಗೆ ಬಗ್ಗದ ಒಬ್ಬರ ಕೈಗೆ ಕೊಡಿ. 8 ಲಕ್ಷದಲ್ಲಿ 4 ಲಕ್ಷ ಹೋದ ದಿನ, ಅಥವಾ ರಜೆ ಮುಗಿಯುವ ತಾರೀಕು, ಯಾವುದು ಮೊದಲೋ ಅಂದು ರೂಮು ಖಾಲಿ. ರಜೆಯ ಕೊನೆಯ ವಾರ ಲಾಭದಲ್ಲಿದ್ದರೂ ಕಚೇರಿಗೆ ಮರಳಿ ಸೇರಿ. ಪುಸ್ತಕವನ್ನು ಲೆಕ್ಕಪರಿಶೋಧಕರಿಗೆ ಕೊಟ್ಟು, ರಿಟರ್ನ್ ಸಲ್ಲಿಕೆಯಾಗಿ ತೆರಿಗೆ ಕಳೆದು ಉಳಿದ ನಿಜವಾದ ಅಂಕಿ ಕಾಣುವವರೆಗೆ ರಾಜೀನಾಮೆಯ ಮಾತು ಎತ್ತಬೇಡಿ.